ಬೆಳಗಿನ ಹಿಮ್ಮಡಿ ನೋವಿಗೆ ಇನ್ನಷ್ಟು ಮೆತ್ತನೆಯ ಶೂ ಬೇಕೇ?

ದಿನವಿಡೀ ನಿಂತೇ ಕೆಲಸ ಮಾಡುವ ನಿಮಗೆ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲೇ ಹಿಮ್ಮಡಿ ಚುಚ್ಚುತ್ತದೆ, ಕಿರುಬೆರಳಿನ ಹೊರಬದಿಯಲ್ಲಿ ಆಣಿ ಎದ್ದಿದೆ, ಸಿಕ್ಕಿದ್ದರಲ್ಲಿ ಅತ್ಯಂತ ಮೆತ್ತನೆಯ ಶೂ ಕೊಂಡರೂ ಎರಡೂ ಕಡಿಮೆಯಾಗಿಲ್ಲ ಎಂದು ಬರೆದಿದ್ದೀರಿ. ಇದಕ್ಕಿಂತ ಮೆತ್ತನೆಯದನ್ನು ಹುಡುಕಬೇಕೇ, ಚಪ್ಪಟೆ ಪಾದವೇ ಇದಕ್ಕೆಲ್ಲ ಕಾರಣವೇ, ಬರಿಗಾಲಲ್ಲಿ ನಡೆದರೆ ಸರಿಹೋಗುತ್ತದೆಯೇ, ಮಧುಮೇಹವಿರುವ ತಾಯಿಗೂ ಅದೇ ಬಗೆಯ ಪಾದರಕ್ಷೆ ಕೊಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ, ವೈದ್ಯರು ಕಳುಹಿಸಿಕೊಟ್ಟವರ ಪಾದದ ಅಳತೆ ತೆಗೆದು, ಅವರವರಿಗೆ ಹೊಂದುವ ಒಳಹಾಸು ಮತ್ತು ಪಾದರಕ್ಷೆಗಳನ್ನು ಸಿದ್ಧಪಡಿಸುವುದು ನನ್ನ ವೃತ್ತಿ. ಆ ಅನುಭವದಿಂದ ಹೇಳುವುದಾದರೆ, ಇನ್ನೂ ಮೆತ್ತನೆಯದನ್ನು ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ, ಮೊದಲು ನಿಮ್ಮ ಪಾದವನ್ನು ಸರಿಯಾಗಿ ಅಳೆಯಿರಿ.

ಎದ್ದ ಕೂಡಲೇ ಜೋರಾಗಿದ್ದು, ನಾಲ್ಕಾರು ನಿಮಿಷ ಓಡಾಡಿದ ಮೇಲೆ ತಗ್ಗಿ, ಬಹಳ ಹೊತ್ತು ಕುಳಿತು ಎದ್ದಾಗ ಮತ್ತೆ ಮರುಕಳಿಸುವ ಹಿಮ್ಮಡಿ ನೋವು ಹೆಚ್ಚಿನವರಲ್ಲಿ ಪ್ಲಾಂಟರ್ ಫೇಶಿಯೈಟಿಸ್ ಎಂಬ ತೊಂದರೆಯಿಂದ ಬರುತ್ತದೆ. ಹಿಮ್ಮಡಿ ಮೂಳೆಯ ತಳದಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿಕೊಂಡಿರುವ ದಪ್ಪ ನಾರಿನ ಪಟ್ಟಿಯೊಂದು ಅಂಗಾಲಿನ ಚರ್ಮದ ಕೆಳಗಿದೆ. ಒಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಇವು ಸೇರಿ ಕಟ್ಟಿರುವ ಕಮಾನು ಮೈಭಾರಕ್ಕೆ ಕುಸಿಯದಂತೆ ಕೆಳಗಿನಿಂದ ಬಿಗಿದು ಹಿಡಿಯುವ ಕೆಲಸದಲ್ಲಿ ಈ ಪಟ್ಟಿಯ ಪಾಲು ದೊಡ್ಡದು. ಕುರ್ಚಿಯಲ್ಲಿ ಕುಳಿತು, ಪಾದವನ್ನು ನೆಲದ ಮೇಲಿಟ್ಟು, ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆತ್ತಿದರೆ ಪಾದದ ಒಳಬದಿಯ ಕಮಾನು ತಾನಾಗಿಯೇ ಮೇಲೇಳುವುದನ್ನು ನೀವೇ ನೋಡಬಹುದು; ಪಟ್ಟಿ ಬೆರಳಿನ ಕಡೆಗೆ ಎಳೆದುಕೊಳ್ಳುವುದರಿಂದ ಹಾಗಾಗುತ್ತದೆ, ಪ್ರತಿ ಹೆಜ್ಜೆಯ ಕೊನೆಯಲ್ಲೂ ಇದೇ ನಡೆಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಬಾಗಿರುವುದರಿಂದ ಪಟ್ಟಿ ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಎದ್ದು ನಿಂತ ಕ್ಷಣ ಇಡೀ ಮೈಭಾರ ಅದನ್ನು ಒಮ್ಮೆಲೇ ಎಳೆಯುತ್ತದೆ, ಮೊದಲೇ ನೊಂದಿರುವ ಹಿಮ್ಮಡಿಯ ಬುಡದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಅಂಥ ಬೆಳವಣಿಗೆ ಯಾವ ನೋವೂ ಇಲ್ಲದ ಎಷ್ಟೋ ಜನರಲ್ಲಿಯೂ ಇರುತ್ತದೆ.

ಈ ನೋವಿಗೆ ನಾನು ಎಲ್ಲರಿಗೂ ಮೊದಲು ಹೇಳಿಕೊಡುವುದು ಹಾಸಿಗೆಯಿಂದ ಕಾಲಿಳಿಸುವ ಮುನ್ನವೇ ಮಾಡಬೇಕಾದ ಒಂದು ಸಣ್ಣ ವ್ಯಾಯಾಮವನ್ನು. ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡಲಾಗಿಟ್ಟು, ಬೆರಳುಗಳನ್ನು ಬುಡದಲ್ಲಿ ಹಿಡಿದು ಕಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿ ನೋಡಿದರೆ ಒಳಗಿನ ಪಟ್ಟಿ ಬಿಗಿಯಾಗಿ ಎದ್ದಿರುವುದು ಬೆರಳಿಗೆ ತಾಗಬೇಕು. ಹಾಗೆ 10 ಸೆಕೆಂಡು ಹಿಡಿದು ಬಿಡುವುದನ್ನು 10 ಸಲ ಮಾಡಿ, ದಿನಕ್ಕೆ ಮೂರು ಹೊತ್ತು ಅಭ್ಯಾಸ ಇಟ್ಟುಕೊಳ್ಳಿ. ಇದರ ಜೊತೆಗೆ ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಮೊಣಕಾಲು ಬಾಗದಂತೆ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ ಮೀನಖಂಡವನ್ನು ಅರ್ಧ ನಿಮಿಷ ಹಿಗ್ಗಿಸಿ. ಮೀನಖಂಡ ಬಿಗಿಯಾಗಿರುವವರ ಅಂಗಾಲಿನ ಪಟ್ಟಿಗೆ ಎಳೆತ ಹೆಚ್ಚು. ಫಲ ಕಾಣಲು ವಾರಗಳೇ ಹಿಡಿಯುತ್ತವೆ, ಪೂರ್ತಿ ಗುಣವಾಗಲು ಕೆಲವು ತಿಂಗಳುಗಳಿಂದ ಒಂದು ವರ್ಷದವರೆಗೂ ಬೇಕಾಗಬಹುದು. ಆದರೆ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ನೋವು ರಾತ್ರಿ ಮಲಗಿದಾಗಲೂ ಬಿಡದಿದ್ದರೆ, ಹಿಮ್ಮಡಿಯನ್ನು ಎರಡೂ ಬದಿಗಳಿಂದ ಹಿಸುಕಿದಾಗ ತಡೆಯಲಾರದಷ್ಟು ನೋವಾದರೆ, ಅಂಗಾಲು ಉರಿದು ಜೋಮು ಹಿಡಿದರೆ ಮೂಳೆಯ ಬಿರುಕು ಅಥವಾ ನರದ ತೊಂದರೆ ಇರಬಹುದು. ಆಗ ವ್ಯಾಯಾಮ ಮಾಡುತ್ತ ಕಾಯದೆ ವೈದ್ಯರಿಗೆ ತೋರಿಸಬೇಕು.

ಇನ್ನು ಮೆತ್ತನೆಯ ವಿಷಯ. ಅಂಗಡಿಯಲ್ಲಿ ಶೂ ಒಳಗೆ ಹೆಬ್ಬೆರಳಿನಿಂದ ಒತ್ತಿದಾಗ ಹಿತವೆನಿಸುವ ಸ್ಪಂಜು, ಗಂಟೆಗಟ್ಟಲೆ ಮೈಭಾರ ಹೊತ್ತಾಗ ಅದೇ ಹಿತವನ್ನು ಕೊಡುವುದಿಲ್ಲ. ಅತಿ ಮೆತ್ತನೆಯ ಅಟ್ಟೆಯ ಮೇಲೆ ಹಿಮ್ಮಡಿ ಒಳಕ್ಕೂ ಹೊರಕ್ಕೂ ವಾಲಾಡುತ್ತದೆ, ಅದನ್ನು ನೇರವಾಗಿ ಹಿಡಿದುಕೊಳ್ಳಲು ಪಾದದ ಮತ್ತು ಮೀನಖಂಡದ ಸ್ನಾಯುಗಳು ಇಡೀ ದಿನ ದುಡಿಯಬೇಕಾಗುತ್ತದೆ. ಮೆತ್ತೆ ಬೇಕೇ ಬೇಕು, ವಿಶೇಷವಾಗಿ ಗಟ್ಟಿ ನೆಲದ ಮೇಲೆ ನಿಲ್ಲುವವರಿಗೆ. ಆದರೆ ಅದು ಗಟ್ಟಿಯಾದ ಚೌಕಟ್ಟಿನೊಳಗೆ ಇರಬೇಕು. ನಿಮ್ಮ ಶೂ ಹಿಂಬದಿಯ ಗೋಡೆಯನ್ನು ಎರಡು ಬೆರಳುಗಳಿಂದ ಹಿಂಡಿ ನೋಡಿ, ಅದು ಮಡಚಿಕೊಂಡರೆ ಹಿಮ್ಮಡಿಗೆ ಆಸರೆಯಿಲ್ಲ ಎಂದರ್ಥ. ಆಮೇಲೆ ಶೂವಿನ ತುದಿಯನ್ನೂ ಹಿಂಭಾಗವನ್ನೂ ಹಿಡಿದು ಬಗ್ಗಿಸಿ: ಬೆರಳುಗಳು ಬಾಗುವ ಜಾಗದಲ್ಲಿ ಬಾಗಿದರೆ ಸರಿ, ನಟ್ಟನಡುವೆ ಎರಡಾಗಿ ಮಡಚಿದರೆ ಆ ಶೂ ನಿಮ್ಮ ಅಂಗಾಲಿನ ಪಟ್ಟಿಯ ಕೆಲಸವನ್ನು ಸ್ವಲ್ಪವೂ ಹಂಚಿಕೊಳ್ಳುತ್ತಿಲ್ಲ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಶೂ ಒಂದು ಬದಿಗೆ ವಾಲಿದ್ದರೆ ಮೇಲ್ಭಾಗ ಎಷ್ಟೇ ಹೊಸದಾಗಿ ಕಂಡರೂ ಅದರ ಆಯುಷ್ಯ ಮುಗಿದಿದೆ. ಓಟದ ಶೂಗಳಿಗೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಎಂಬ ಲೆಕ್ಕವಿದೆ. ನಿಂತು ಕೆಲಸ ಮಾಡುವವರಿಗೆ ಅಂಥ ಲೆಕ್ಕವಿಲ್ಲದ ಕಾರಣ ಈ ಪರೀಕ್ಷೆಗಳನ್ನೇ ನಂಬಬೇಕು.

ನಿಮ್ಮ ಆಣಿಯ ಮೂಲ ಅಳತೆಯಲ್ಲಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ನೀವು ಬರೆದಿರುವುದು ಸೈಜಿನ ಸಂಖ್ಯೆಯೊಂದನ್ನು ಮಾತ್ರ, ಅಗಲದ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಬಳಿ ಬರುವವರಲ್ಲೂ ತಮ್ಮ ಪಾದದ ಅಗಲ ತಿಳಿದವರು ಅಪರೂಪ. ಅಮೆರಿಕದ ಚಾರ್ಲ್ಸ್ ಬ್ರ್ಯಾನಕ್ 1920ರ ದಶಕದಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಲೋಹದ ಅಳತೆಪಟ್ಟಿ ಉದ್ದವನ್ನಲ್ಲದೆ ಅಗಲವನ್ನೂ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗೆಣ್ಣಿನವರೆಗಿನ ದೂರವನ್ನೂ ತೋರಿಸುತ್ತದೆ. ಈ ಮೂರನೆಯ ಅಳತೆ ತಪ್ಪಿದರೆ ಶೂ ಬಾಗುವ ಜಾಗವೂ ಪಾದ ಬಾಗುವ ಜಾಗವೂ ಬೇರೆಬೇರೆಯಾಗುತ್ತವೆ, ಉದ್ದ ಸರಿಯಿದ್ದರೂ ಎಲ್ಲೋ ಒಂದು ಕಡೆ ಕಚ್ಚುತ್ತಲೇ ಇರುತ್ತದೆ. ಸೈಜಿನ ಸಂಖ್ಯೆಗಳೂ ಅಷ್ಟು ನಂಬಿಕೆಗೆ ತಕ್ಕವಲ್ಲ. ಯುರೋಪಿನ ಪದ್ಧತಿಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 6.7 ಮಿಲಿಮೀಟರ್ ಅಂತರವಿದ್ದರೆ ಬ್ರಿಟಿಷ್ ಪದ್ಧತಿಯಲ್ಲಿ ಸುಮಾರು 8.5 ಮಿಲಿಮೀಟರ್, ಮೇಲಾಗಿ ಸಂಖ್ಯೆಯನ್ನು ನಿರ್ಧರಿಸುವುದು ತಯಾರಕರು ಬಳಸುವ ಪಾದದಾಕಾರದ ಅಚ್ಚಿನ ಮೇಲಾದ್ದರಿಂದ, ಒಂದೇ ಸಂಖ್ಯೆಯ ಎರಡು ಕಂಪನಿಗಳ ಶೂಗಳು ಕಾಲಿಗೆ ಬೇರೆಯೇ ಆಗಿ ಕೂರುತ್ತವೆ.

ಮನೆಯಲ್ಲೇ ಅಳೆಯುವುದು ಕಷ್ಟವಲ್ಲ. ಸಂಜೆ, ಪಾದ ಸ್ವಲ್ಪ ಊದಿಕೊಂಡಿರುವ ಹೊತ್ತಿನಲ್ಲಿ, ಗೋಡೆಗೆ ತಾಗಿಸಿಟ್ಟ ಬಿಳಿ ಹಾಳೆಯ ಮೇಲೆ ಹಿಮ್ಮಡಿ ಗೋಡೆಗೆ ಮುಟ್ಟುವಂತೆ ಪೂರ್ತಿ ಭಾರ ಹಾಕಿ ನಿಲ್ಲಿ. ಪೆನ್ಸಿಲನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆಯುವ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಏಕೆಂದರೆ ನೀವೇ ಬಗ್ಗಿದರೆ ಭಾರ ಸರಿದು ಅಳತೆ ಕೆಡುತ್ತದೆ. ಎರಡೂ ಪಾದಗಳನ್ನು ಬರೆಯಿಸಬೇಕು, ಏಕೆಂದರೆ ಹೆಚ್ಚಿನವರ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುತ್ತದೆ, ಶೂ ಕೊಳ್ಳಬೇಕಾದದ್ದು ದೊಡ್ಡ ಪಾದಕ್ಕೆ. ಈಗ ನಿಮ್ಮ ಶೂ ಒಳಗಿನ ಇನ್‌ಸೋಲನ್ನು ಹೊರತೆಗೆದು ಆ ನಕ್ಷೆಯ ಮೇಲಿಡಿ. ಕಿರುಬೆರಳಿನ ಕಡೆ ಪೆನ್ಸಿಲ್ ಗೆರೆ ಇನ್‌ಸೋಲಿನ ಅಂಚನ್ನು ದಾಟಿ ಹೊರಗೆ ಕಂಡರೆ, ಆ ಬೆರಳು ದಿನವಿಡೀ ಶೂ ಗೋಡೆಗೆ ಉಜ್ಜಿಕೊಂಡೇ ಇದೆ ಎಂದು ತಿಳಿಯಿರಿ. ಉಜ್ಜಿದ ಕಡೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ, ದಪ್ಪವಾದಷ್ಟೂ ಒತ್ತಡ ಹೆಚ್ಚುತ್ತದೆ, ಕೊನೆಗೆ ನಡುವೆ ಗಟ್ಟಿ ತಿರುಳು ಕಟ್ಟಿ ಆಣಿಯಾಗುತ್ತದೆ. ಒತ್ತುವ ಶೂ ಬದಲಾಗದೆ ಆಣಿಯನ್ನು ಎಷ್ಟು ಸಲ ತೆಗೆಸಿದರೂ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಬ್ಲೇಡಿನಿಂದ ನೀವೇ ಕೆರೆಯಬೇಡಿ. ಬೆಚ್ಚನೆಯ ನೀರಿನಲ್ಲಿ ನೆನೆಸಿ ಉಜ್ಜುಕಲ್ಲಿನಿಂದ ಮೃದುವಾಗಿ ತಿಕ್ಕಿದರೆ ಸಾಕು.

ಹೊಸ ಶೂ ಹಾಕಿ ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಅತಿ ಉದ್ದದ್ದು ಎಲ್ಲರಲ್ಲೂ ಹೆಬ್ಬೆರಳೇ ಆಗಿರುವುದಿಲ್ಲ, ಎರಡನೆಯದೂ ಆಗಿರಬಹುದು. ನಡೆಯುವಾಗ ಹಿಮ್ಮಡಿ ಮೇಲಕ್ಕೆ ಜಾರಬಾರದು. ಹಾಕಿ ಹಾಕಿ ಸಡಿಲವಾಗುತ್ತದೆ ಎಂಬ ಭರವಸೆಯ ಮೇಲೆ ಬಿಗಿ ಶೂ ಕೊಳ್ಳುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಮೊದಲ ದಿನ ಕಚ್ಚುವ ಶೂ ನಿಮ್ಮದಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಅಳೆದ ಸೈಜು ಐವತ್ತಕ್ಕೂ ಇರುತ್ತದೆ ಎಂದುಕೊಳ್ಳಬೇಡಿ. ವಯಸ್ಸಾದಂತೆ ಕಟ್ಟುಗಳು ಸಡಿಲಗೊಂಡು ಪಾದ ಉದ್ದಕ್ಕೂ ಅಗಲಕ್ಕೂ ಹಿಗ್ಗುತ್ತದೆ, ಗರ್ಭಿಣಿಯರಲ್ಲಿಯೂ ಹಾಗಾಗುವುದುಂಟು. ದಿನವೂ ಶೂ ಹಾಕುವವರು ಎರಡು ಜೊತೆ ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ ಬಳಸಿದರೆ ಬೆವರು ಒಣಗಲು ಸಮಯ ಸಿಗುತ್ತದೆ. ಬೆರಳ ಸಂದಿ ಬೆಳ್ಳಗಾಗಿ ತುರಿಸುವ ಶಿಲೀಂಧ್ರದ ಸೋಂಕು ಒದ್ದೆ ಇರುವಲ್ಲೇ ಬೆಳೆಯುವುದರಿಂದ ಸ್ನಾನದ ನಂತರ ಪ್ರತಿ ಸಂದಿಯನ್ನೂ ಒರೆಸಿಕೊಳ್ಳುವುದು ಮುಲಾಮಿನಷ್ಟೇ ಮುಖ್ಯ.

ಚಪ್ಪಟೆ ಪಾದದ ಬಗ್ಗೆ ನಿಮಗಿರುವ ಆತಂಕ ಅನಗತ್ಯ ಎನಿಸುತ್ತದೆ. ತುದಿಗಾಲಿನ ಮೇಲೆ ನಿಂತಾಗ ಕಮಾನು ಮೂಡಿದರೆ, ನಿಮ್ಮದು ಹೊಂದಿಕೊಳ್ಳುವ ಚಪ್ಪಟೆ ಪಾದ. ನೋವು ಕೊಡದಿದ್ದರೆ ಅದಕ್ಕೆ ಚಿಕಿತ್ಸೆ ಬೇಡ. ಚಿಕ್ಕ ಮಕ್ಕಳ ಪಾದವಂತೂ ಚಪ್ಪಟೆಯಾಗಿಯೇ ಇರುತ್ತದೆ. ಕಮಾನು ಮೂಡದೆ ಪಾದ ಬಿರುಸಾಗಿದ್ದರೆ, ಅಥವಾ ದೊಡ್ಡವರಾದ ಮೇಲೆ ಒಂದೇ ಪಾದ ಹೊಸದಾಗಿ ಕುಸಿಯತೊಡಗಿದರೆ ಮಾತ್ರ ತೋರಿಸಿ. ಬರಿಗಾಲ ನಡಿಗೆ ಪಾದದ ಸಣ್ಣ ಸ್ನಾಯುಗಳಿಗೆ ಒಳ್ಳೆಯದೇ, ಆದರೆ ಹಿಮ್ಮಡಿ ನೋಯುತ್ತಿರುವ ಈ ದಿನಗಳಲ್ಲಿ ಗಟ್ಟಿ ನೆಲದ ಮೇಲೆ ಬೇಡ; ಮನೆಯೊಳಗೂ ಆಸರೆಯಿರುವ ಚಪ್ಪಲಿ ಹಾಕಿಕೊಳ್ಳಿ.

ತಾಯಿಯವರ ವಿಷಯ ಇದೆಲ್ಲಕ್ಕಿಂತ ಗಂಭೀರವಾದದ್ದು, ಇಲ್ಲಿ ಬರೆದಿರುವುದರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ದೀರ್ಘಕಾಲದ ಮಧುಮೇಹ ಪಾದದ ನರಗಳ ಸ್ಪರ್ಶಜ್ಞಾನವನ್ನು ಕುಂದಿಸಬಹುದು. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳಿಗೆ ಚಿಕಿತ್ಸೆ ಮಾಡಿದ ಡಾ. ಪಾಲ್ ಬ್ರ್ಯಾಂಡ್, ಬೆರಳುಗಳು ನಾಶವಾಗುವುದು ನೋವಿನ ಅರಿವಿಲ್ಲದೆ ಮತ್ತೆಮತ್ತೆ ಆಗುವ ಗಾಯಗಳಿಂದ ಎಂಬುದನ್ನು ಮನಗಾಣಿಸಿದರು. ಮಧುಮೇಹಿಗಳ ಪಾದಕ್ಕೂ ಅದೇ ಅನ್ವಯಿಸುತ್ತದೆ. ಸ್ಪರ್ಶ ಕುಂದಿದವರು ಶೂ ಕಾಲಿಗೆ ಅಂಟಿ ಕುಳಿತದ್ದು ಗೊತ್ತಾಗಲಿ ಎಂದು ತಮಗರಿವಿಲ್ಲದೆಯೇ ಒಂದು ಸೈಜು ಚಿಕ್ಕದನ್ನು ಆರಿಸುತ್ತಾರೆ. ಆದ್ದರಿಂದ ಅವರ ಅನಿಸಿಕೆಯನ್ನು ನೆಚ್ಚದೆ ಅಳತೆಯನ್ನೇ ನೆಚ್ಚಿ. ನಾರುಕಡ್ಡಿಯಂಥ ತೆಳ್ಳನೆಯ ನೈಲಾನ್ ಎಳೆಯನ್ನು 10 ಗ್ರಾಂ ಒತ್ತಡದಲ್ಲಿ ಅಂಗಾಲಿಗೆ ತಾಗಿಸಿ ಸ್ಪರ್ಶ ಪರೀಕ್ಷಿಸುವ ಸರಳ ವಿಧಾನವಿದೆ; ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಅದನ್ನು ಮಾಡಿಸಿ, ಫಲಿತಾಂಶ ತಿಳಿದ ಮೇಲೆಯೇ ಪಾದರಕ್ಷೆ ಕೊಳ್ಳಿ.

ಬೆರಳ ಸಂದಿಯಲ್ಲಿ ಪಟ್ಟಿ ಬರುವ ಚಪ್ಪಲಿ ಅವರಿಗೆ ಬೇಡ. ಆ ಪಟ್ಟಿ ಸಂದಿಯ ಎಳೆಯ ಚರ್ಮವನ್ನು ಕೊರೆಯುತ್ತದೆ, ಕಾಲಿನಿಂದ ಜಾರಿ ಹೋದರೂ ಅವರಿಗೆ ತಿಳಿಯದಿರಬಹುದು. ಮುಂಭಾಗ ಆಳವಾಗಿಯೂ ಅಗಲವಾಗಿಯೂ ಇರುವ, ಒಳಗೆ ಹೊಲಿಗೆಯ ಉಬ್ಬಿಲ್ಲದ, ಹಿಂಬದಿಯಲ್ಲಿ ಪಟ್ಟಿಯಿರುವ ಪಾದರಕ್ಷೆ ಆರಿಸಿ. ಹಾಕಿಕೊಳ್ಳುವ ಮುನ್ನ ಪ್ರತಿ ಸಲವೂ ಒಳಗೆ ಕೈಯಾಡಿಸಿ ಕಲ್ಲು, ಮೊಳೆ, ಮಡಚಿದ ಒಳಹಾಸು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಸದನ್ನು ಮೊದಲ ದಿನ ಒಂದೆರಡು ಗಂಟೆ ಮಾತ್ರ ಹಾಕಿಸಿ, ತೆಗೆದು ಚರ್ಮವನ್ನು ನೋಡಿ. ಕೆಂಪಾದ ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ, ಆ ಪಾದರಕ್ಷೆಯನ್ನು ಮುಂದುವರಿಸಬಾರದು. ಆಣಿ ಕರಗಿಸುವ ಪಟ್ಟಿಗಳಲ್ಲಿ ಆಮ್ಲವಿರುವುದರಿಂದ ಅವುಗಳನ್ನು ಅವರ ಪಾದಕ್ಕೆ ಹಚ್ಚಲೇಬಾರದು. ನೀರಿನ ಬಿಸಿಯನ್ನು ಪಾದದಿಂದ ನೋಡುವ ಬದಲು ಮೊಣಕೈಯಿಂದ ನೋಡಬೇಕು, ಉಗುರನ್ನು ಮೂಲೆಯೊಳಗೆ ಕೊರೆಯದೆ ನೇರವಾಗಿ ಕತ್ತರಿಸಬೇಕು. ಪ್ರತಿ ರಾತ್ರಿ ಅಂಗಾಲನ್ನೂ ಬೆರಳ ಸಂದಿಗಳನ್ನೂ ಬೆಳಕಿನಲ್ಲಿ ನೋಡುವ ಹೊಣೆಯನ್ನು ನೀವೇ ವಹಿಸಿಕೊಂಡರೆ ಒಳ್ಳೆಯದು, ಅವರಿಗೆ ಬಗ್ಗಿ ನೋಡಲು ಆಗುವುದಿಲ್ಲ. ಗುಳ್ಳೆ, ಗಾಯ, ಬಣ್ಣಗೆಟ್ಟ ಚರ್ಮ ಕಂಡರೆ, ಅಥವಾ ಒಂದು ಪಾದ ಮಾತ್ರ ಕೆಂಪಗಾಗಿ ಬಿಸಿಯೇರಿ ಊದಿಕೊಂಡರೆ, ಅವರು ನೋವೇ ಇಲ್ಲವೆಂದರೂ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ, ಅಲ್ಲಿಗೆ ತಲುಪುವವರೆಗೆ ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ.