ವಿಮಾನ ಬಂದರೆ ಬಂಡವಾಳ ಬರುತ್ತಾ?

ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: 'ನಮ್ಮೂರಿಂದ ದುಬೈಗೋ ಸಿಂಗಪುರಕ್ಕೋ ನೇರ ವಿಮಾನ ಬಿಟ್ಟರೆ ವಿದೇಶಿ ಕಂಪನಿಗಳು ತಾವಾಗಿಯೇ ಬರುತ್ತವೆ ಅಂತಾರೆ. ನಿಜವಾ, ಸುಮ್ನೆ ಭಾಷಣವಾ?'

ಸಂಪಾದಕರ ಉತ್ತರ: ಭಾಷಣವೇ. ಆದರೆ ಅದರಲ್ಲಿ ಅರ್ಧ ನಿಜವಿದೆ, ಸ್ವಾಮಿ.

ಕಾಂಪಾಂಟೆ ಮತ್ತು ಯಾನಾಗಿಜಾವಾ-ಡ್ರಾಟ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಇದನ್ನೇ ಅಳೆದು ತೋರಿಸಿದರು. ಹಾರಾಟ 12 ಗಂಟೆ ದಾಟಿದರೆ ಹೆಚ್ಚುವರಿ ಪೈಲಟ್, ಸಿಬ್ಬಂದಿ ಬೇಕು. ಖರ್ಚು ಒಮ್ಮೆಗೇ ಏರುತ್ತದೆ. ಹಾಗಾಗಿ 6,000 ಮೈಲಿಗಿಂತ ತುಸು ಕಡಿಮೆ ದೂರದ ಊರುಗಳ ನಡುವೆ ನೇರ ವಿಮಾನ ಜಾಸ್ತಿ, ತುಸು ಹೆಚ್ಚಾದರೆ ಕಡಿಮೆ. ನೂರಿನ್ನೂರು ಮೈಲಿ ಆಚೀಚೆ ಆದರೆ ವ್ಯಾಪಾರಕ್ಕೆ ಬೇರೇನೂ ಫರಕಿಲ್ಲ, ಅಲ್ವಾ? ಆದರೂ ವಿಮಾನ ಇರುವ ಕಡೆಯೇ ಒಂದೂರಿನವರು ಇನ್ನೊಂದೂರಿನ ಕಂಪನಿಯಲ್ಲಿ ಹಣ ಹಾಕಿದ್ದು ಹೆಚ್ಚು. ತೀರಾ ಬಡ ಜಾಗಗಳಿಗೆ ಮಾತ್ರ ಈ ಲಾಭ ಅಷ್ಟಾಗಿ ತಲುಪಲಿಲ್ಲ. ಇದನ್ನು ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ.

ಕಾರಣ ಸರಳ. ಹಣ ಹಾಕಿದವನು ಪದೇ ಪದೇ ಬಂದು ನೋಡಬೇಕು. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವ ವಿಮಾನ ನಡುರಾತ್ರಿ ಕಳೆದು ಇಳಿಯುತ್ತದೆ. ಬೆಳಗಾದರೆ ಜರ್ಮನ್ ಮ್ಯಾನೇಜರ್ ಬೊಮ್ಮಸಂದ್ರದ ಶೆಡ್ಡಿನಲ್ಲಿ ಮಿಷನ್ ಮುಂದೆ ನಿಂತಿರುತ್ತಾನೆ. ಸಂಜೆ ಊಟ ಮುಗಿಸಿ ಅದೇ ರಾತ್ರಿ ವಾಪಸ್ ಹತ್ತಬಹುದು. ಎರಡು ಕಡೆ ಇಳಿದು ಹತ್ತಿ ಬರಬೇಕಾದರೆ ಅವನು ವರ್ಷಕ್ಕೆ ಆರು ಸಲ ಬರುವ ಬದಲು ಎರಡೇ ಸಲ ಬಂದಾನು.

ಇನ್ನರ್ಧ ಬೇರೆಯೇ ಇದೆ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ, ಇಂಜಿನಿಯರುಗಳನ್ನು ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ನೇರ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ! ಅಲ್ಲಿ ಕಂಪನಿಗಳೇ ಮೊದಲು, ವಿಮಾನ ಆಮೇಲೆ. ಮಂಗಳೂರಿನದು ಇದರ ಉಲ್ಟಾ. ಅಲ್ಲಿಂದ ದುಬೈಗೆ 2006ರಿಂದ ವಿಮಾನವಿದೆ. ಸೀಟು ತುಂಬುವವರಲ್ಲಿ ಬಹುಪಾಲು ದುಡಿಯಲು ಹೋಗುವ ನಮ್ಮವರು. ಅವರ ಹಣದಲ್ಲಿ ಮನೆಗಳೆದ್ದವು, ಮಕ್ಕಳು ಓದಿದರು. ಅದೇನು ಸಣ್ಣದಲ್ಲ. ಆದರೆ ಅದು ವಿದೇಶಿ ಕಂಪನಿಯ ಬಂಡವಾಳವಲ್ಲ.

ಹುಬ್ಬಳ್ಳಿಗೆ ದುಬೈಗಿಂತ ಮೊದಲು ಬೇಕಿರುವುದು ಬೆಂಗಳೂರು, ಮುಂಬೈ, ದೆಹಲಿಗೆ ನಂಬಬಹುದಾದ ವಿಮಾನ. ವಿದೇಶದಿಂದ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದವರು ಮಧ್ಯಾಹ್ನದೊಳಗೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಮುಟ್ಟುವಂತಿರಬೇಕು. ಮುಂದಿನ ಸಭೆಯಲ್ಲಿ ಯಾರಾದರೂ ದುಬೈ ಅಂದರೆ, ಆ ಸೀಟಿನಲ್ಲಿ ಕೂರುವವರು ಯಾರು ಅಂತ ಎದ್ದು ನಿಂತು ಕೇಳಿ. ಏನಂದರು ಅಂತ ನಮಗೂ ಬರೆಯಿರಿ.