ಒಂದೇ ದೊಡ್ಡ ಮರದ ಬೀಜ ಆರಿಸಿದರೆ ಕಾಡು ಬೆಳೆಸಲು ಸಾಲದೇ?

ಹಾಳುಬಿದ್ದ ಕಾಡಿನ ಅಂಚಿಗೆ ನೆಡಬೇಕೆಂದು ಒಂದೇ ಹೆಮ್ಮರದ ಕೆಳಗೆ ಎರಡು ಚೀಲ ನೇರಳೆ ಬೀಜ ಆರಿಸಿಟ್ಟಿದ್ದೀರಿ, ಇಷ್ಟು ಸಾಕೇ ಅಂತ ಕೇಳಿದ್ದೀರಿ. ಸಸಿಗಳ ಲೆಕ್ಕಕ್ಕೆ ಬೇಕಾದಷ್ಟಾಯಿತು, ಕಾಡಿನ ಲೆಕ್ಕಕ್ಕೆ ಸಾಲದು.

ಆ ಎರಡು ಚೀಲದಲ್ಲಿರುವುದೆಲ್ಲ ಒಂದೇ ತಾಯಿಯ ಮಕ್ಕಳು. ಮರ ಒಂಟಿಯಾಗಿದ್ದರಂತೂ ತನ್ನ ಹೂವಿಗೆ ತನ್ನದೇ ಪರಾಗ ಬಿದ್ದಿರುವುದು ಹೆಚ್ಚು. ಅಂಥ ಬೀಜದ ಸಸಿಗಳು ಎಷ್ಟೋ ಸಲ ಸೊರಗುತ್ತವೆ. ಬೀಜ ಬ್ಯಾಂಕಿನವರು ಸಾಮಾನ್ಯವಾಗಿ ಗುರಿ ಇಟ್ಟುಕೊಳ್ಳುವುದು 50 ತಾಯಿಮರ. ನಾನು ಅಲ್ಲಿವರೆಗೆ ಮುಟ್ಟಿದ್ದು ಅಪರೂಪ, ಆದರೆ 25ಕ್ಕಿಂತ ಕಡಿಮೆಯಾದರೆ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಅಕ್ಕಪಕ್ಕದ ಮರಗಳು ಅಣ್ಣತಮ್ಮಂದಿರೇ ಆಗಿರಬಹುದು. ಹಾಗಾಗಿ ಐವತ್ತು ನೂರು ಮೀಟರ್ ನಡೆದು ಇನ್ನೊಂದನ್ನು ಹಿಡಿಯುತ್ತೇನೆ. ಎಲ್ಲದರಿಂದಲೂ ಹೆಚ್ಚುಕಡಿಮೆ ಒಂದೇ ಅಳತೆ. ನೆಟ್ಟಗಿರುವ ಮರಗಳನ್ನೇ ಹುಡುಕಬೇಡಿ, ಅದು ದಿಮ್ಮಿ ಬೇಕಾದವರ ಲೆಕ್ಕಾಚಾರ. ಕಾಡಿಗೆ ಸೊಟ್ಟದ್ದೂ ಬೇಕು.

ಇಂಗ್ಲೆಂಡಿನ ಕ್ಯೂ ಉದ್ಯಾನದವರ ಮಿಲೇನಿಯಂ ಸೀಡ್ ಬ್ಯಾಂಕ್ ಪಾಲಿಸುವ ನಿಯಮ ಒಂದಿದೆ: ಆ ದಿನ ಮಾಗಿ ನಿಂತಿರುವ ಬೀಜದಲ್ಲಿ 20%ಗಿಂತ ಹೆಚ್ಚು ಮುಟ್ಟಬಾರದು. ಉಳಿದದ್ದು ಹಕ್ಕಿಗೆ, ಅಳಿಲಿಗೆ, ಆ ನೆಲಕ್ಕೆ. ಕಾಯಿ ಕಡಿಮೆ ಬಿಟ್ಟ ವರ್ಷ ನಾನು ಬರಿಗೈಯಲ್ಲೇ ವಾಪಸ್ ಬರುತ್ತೇನೆ. ಅಂಥ ವರ್ಷ ಜೊಳ್ಳೂ ಹುಳುಕೂ ಜಾಸ್ತಿ.

ಆರಿಸುವ ಮುಂಚೆ ಪ್ರತಿ ಮರದ ನಾಲ್ಕೈದು ಬೀಜ ಚಾಕುವಿನಿಂದ ಸೀಳಿ ನೋಡಿ. ಒಳಗೆ ಗಟ್ಟಿಯಾಗಿ ತುಂಬಿಕೊಂಡಿದ್ದರೆ ಸರಿ. ಸುಕ್ಕುಗಟ್ಟಿದ್ದರೆ, ಮೂಲೆಯಲ್ಲಿ ಹಿಟ್ಟಿನಂಥ ಪುಡಿಯಿದ್ದರೆ ಮುಂದಿನ ಮರಕ್ಕೆ ಹೋಗಿ. ಮೊದಮೊದಲು ಉದುರುವವು ಬಹುಪಾಲು ಹುಳ ಹೊಡೆದವೇ.

ಇನ್ನು ಚೀಲದ ವಿಷಯ. ಪ್ಲಾಸ್ಟಿಕ್ಕಿನದಾಗಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಅದನ್ನು ಬಿಚ್ಚಿ. ಹಸಿ ಬೀಜ ಉಸಿರಾಡುತ್ತದೆ, ಬಿಸಿಯಾಗುತ್ತದೆ. ಒಮ್ಮೆ ನಾನು ಬಾಯಿ ಬಿಗಿದು ಕಟ್ಟಿಟ್ಟ ಚೀಲಕ್ಕೆ ನಾಲ್ಕನೆಯ ದಿನ ಕೈ ಹಾಕಿದರೆ ಒಳಗೆ ಬೆಚ್ಚಗೆ, ಲೋಳೆಲೋಳೆ. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಒಂದು ಬೀಜವೂ ಮೊಳೆಯಲಿಲ್ಲ. ಗೋಣಿಚೀಲ ಅಥವಾ ಬಟ್ಟೆ ಚೀಲವೇ ಸರಿ.

ಬೀಜದ ಜಾತಿ ನೋಡಿ ಒಣಗಿಸಬೇಕು. ಕಕ್ಕೆ, ಬಾಗೆಯಂಥ ಗಟ್ಟಿ ಸಿಪ್ಪೆಯವು ಒಣಗಿ ತಂಪಿನಲ್ಲಿದ್ದರೆ ವರ್ಷಗಟ್ಟಲೆ ಬಾಳುತ್ತವೆ. ತೇವ 1% ಇಳಿದರೆ ಆಯಸ್ಸು ಸುಮಾರು ಇಮ್ಮಡಿ ಎನ್ನುವುದು ಬೀಜ ಕಾಪಿಡುವವರ ಹಳೆಯ ಲೆಕ್ಕ. ನೇರಳೆ, ಹಲಸು, ಓಕ್ ಹಾಗಲ್ಲ, ಒಣಗಿದರೆ ಸತ್ತೇ ಹೋಗುತ್ತವೆ. ಬೇವು ಈ ಎರಡರ ನಡುವಿನದು: ತಿರುಳು ತೊಳೆದು ನೆರಳಲ್ಲಿ ಆರಿಸಿ ಬೇಗ ಬಿತ್ತಿಬಿಡುವುದು ಕ್ಷೇಮ.

ನಿಮ್ಮಲ್ಲಿರುವುದು ನೇರಳೆಯಾದ್ದರಿಂದ ಹಣ್ಣಿನ ಅಂಟು ತೊಳೆದು ಈ ವಾರವೇ ಬಿತ್ತಿ. ಎರಡು ಚೀಲವನ್ನೂ ಅಲ್ಲ, ಒಂದೆರಡು ಬೊಗಸೆ ಸಾಕು. ಮಿಕ್ಕಿದ್ದನ್ನು ಆ ಮರದ ಸುತ್ತಲೇ ಚೆಲ್ಲಿ ಬನ್ನಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಗಾಬರಿಯಾಗಬೇಡಿ, ನೇರಳೆಯ ಸ್ವಭಾವವೇ ಅದು. ಅವುಗಳಲ್ಲಿ ಕೆಲವು ತಾಯಿಮರದ್ದೇ ಪಡಿಯಚ್ಚು ಆಗಿರಲೂಬಹುದು. ಹಣ್ಣಿನ ಕಾಲ ಮುಗಿಯುವುದರೊಳಗೆ ಉಳಿದ ಮರಗಳನ್ನೂ ಹುಡುಕಿಕೊಂಡು ಹೊರಡಿ. ಯಾವ ಮರದ್ದು, ಯಾವ ತಾರೀಕಿನದು ಅಂತ ಚೀಟಿ ಬರೆದು ಚೀಲದೊಳಗೇ ಹಾಕಿ; ಹೊರಗೆ ಅಂಟಿಸಿದ್ದು ಉಳಿಯುವುದಿಲ್ಲ.