ಪಿ.ಟಿ. ಮಿಸ್ ಉತ್ತರ: ಜಮಖಾನದ ಮೇಲೆ ಪಿಲಾಟೀಸ್

ಕಳೆದ ಸಂಚಿಕೆಯಲ್ಲಿ ಮಂಡಿನೋವಿನ ಬಗ್ಗೆ ಬರೆಯುವಾಗ "ನಾನಂತೂ ಬೆಳಿಗ್ಗೆ ಎದ್ದು ಪಿಲಾಟೀಸ್ ಮಾಡುತ್ತೇನೆ" ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಮಂಡಿಯ ಬಗ್ಗೆ ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬಗ್ಗೆಯೇ. ಹಾಗಾಗಿ ಈ ಸಲ ಪೂರ್ತಿ ಅದೇ: ಪಿಲಾಟೀಸ್, ಅಂದರೆ ಉಸಿರಿನ ಜೊತೆ ನಿಧಾನವಾಗಿ ಮಾಡುವ ಒಂದು ವ್ಯಾಯಾಮ ಪದ್ಧತಿ. ಹೊಸ ಓದುಗರಿಗೆ ಒಂದು ಮಾತು: ನಾನು 31 ವರ್ಷ ಶಿವಮೊಗ್ಗದ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿದ್ದವಳು. ಸೀಟಿ ಬಿಟ್ಟರೂ ಗಂಟಲು ಬಿಟ್ಟಿಲ್ಲ. ಬರವಣಿಗೆಯಲ್ಲೂ ಸ್ವಲ್ಪ ಜೋರು ಕೇಳಿಸಿದರೆ ಸಹಿಸಿಕೊಳ್ಳಿ.

ಮಗಳು ಪಿಲಾಟೀಸ್ ಅನ್ನುತ್ತಾಳೆ, ಸೊಸೆ ಪೈಲೇಟ್ಸ್ ಅನ್ನುತ್ತಾಳೆ. ಯಾವುದು ಸರಿ? ವಿಮಾನದ ಪೈಲಟ್‌ಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?
— ನಿವೃತ್ತ ನೌಕರರು, ಹಾಸನ

ಮಗಳು ಹೇಳಿದ್ದೇ ಸರಿ. ಸೊಸೆಯ ಮುಂದೆ ನನ್ನ ಹೆಸರು ಹೇಳಬೇಡಿ.

ವಿಮಾನಕ್ಕೂ ಇದಕ್ಕೂ ಸಂಬಂಧವಿಲ್ಲ ಸಾರ್, ಇದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಉಬ್ಬಸ, ಮೂಳೆ ಮೆತ್ತಗಾಗುವ ರಿಕೆಟ್ಸ್ ಎಲ್ಲ ಇತ್ತು. ನನ್ನ ಕ್ಲಾಸಿನಲ್ಲಿದ್ದಿದ್ದರೆ "ಮಿಸ್, ಹುಷಾರಿಲ್ಲ" ಅಂತ ಮರದ ಕೆಳಗೆ ಕೂರುತ್ತಿದ್ದ ಹುಡುಗರ ಸಾಲಿಗೆ ಸೇರುತ್ತಿದ್ದ. ಆದರೆ ಈತ ಹಟ ಹಿಡಿದು ಮೈ ಬೆಳೆಸಿಕೊಂಡ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿದ್ದ. ಜರ್ಮನಿಯವನು ಅಂತ ಹಿಡಿದು ಶಿಬಿರದಲ್ಲಿ ಕೂಡಿಹಾಕಿದರು, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಜೊತೆಯವರಿಗೆ ವ್ಯಾಯಾಮ ಹೇಳಿಕೊಟ್ಟ. ಹಾಸಿಗೆ ಹಿಡಿದವರ ಮಂಚಕ್ಕೇ ಸ್ಪ್ರಿಂಗ್ ಕಟ್ಟಿ ಕೈಕಾಲು ಆಡಿಸಿದ ಅನ್ನುವ ಕಥೆಯೂ ಇದೆ.

1926ರಲ್ಲಿ ನ್ಯೂಯಾರ್ಕಿಗೆ ಹೋಗಿ, ಕ್ಲಾರಾ ಎಂಬಾಕೆಯ ಜೊತೆ ಸೇರಿ ಎಂಟನೇ ಅವೆನ್ಯೂದಲ್ಲಿ ವ್ಯಾಯಾಮಶಾಲೆ ತೆರೆದ. ಜಾರ್ಜ್ ಬ್ಯಾಲಂಚೀನ್, ಮಾರ್ಥಾ ಗ್ರಹಾಂ ಅಂಥ ದೊಡ್ಡ ನೃತ್ಯ ಗುರುಗಳು ಪೆಟ್ಟಾದ ಕಲಾವಿದರನ್ನು ಅವನ ಹತ್ತಿರ ಕಳಿಸುತ್ತಿದ್ದರು. ಅವನು ತನ್ನ ಪದ್ಧತಿಗೆ ಇಟ್ಟ ಹೆಸರು 'ಕಾಂಟ್ರಾಲಜಿ', ಅಂದರೆ ಹಿಡಿತದ ವಿದ್ಯೆ. 1967ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರೇ ಉಳಿದುಕೊಂಡಿತು.

ಇನ್ನೊಂದು ವಿಷಯ. 2000ದಲ್ಲಿ ನ್ಯೂಯಾರ್ಕಿನ ಕೋರ್ಟ್ ಈ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಅಂತ ತೀರ್ಪು ಕೊಟ್ಟಿತು. ಹಾಗಾಗಿ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಮಗಳು ಕ್ಲಾಸಿಗೆ ಹೋಗುತ್ತಿದ್ದರೆ, ಹೇಳಿಕೊಡುವವರು ಎಲ್ಲಿ, ಎಷ್ಟು ದಿನ ಕಲಿತಿದ್ದಾರೆ ಅಂತ ಕೇಳಲು ಹೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮಲ್ಲೇ ಯೋಗ ಇರುವಾಗ ಈ ಜರ್ಮನಿಯದು ಯಾಕೆ?
— ಓದುಗರು, ಮೈಸೂರು

ರೊಟ್ಟಿ ಇದೆ ಅಂತ ಇಡ್ಲಿ ಬಿಡ್ತೀರಾ?

ಯೋಗ ದಿನಾ ಮಾಡುತ್ತಿದ್ದೀರಾದರೆ ಅದನ್ನೇ ಮಾಡಿ, ಬಿಡಬೇಡಿ. ನಾನೂ ವರ್ಷಗಟ್ಟಲೆ ಮಕ್ಕಳಿಗೆ ಸೂರ್ಯ ನಮಸ್ಕಾರ ಹೇಳಿಕೊಟ್ಟವಳೇ. ಆದರೆ ನನ್ನ ಬೆನ್ನು ಹಿಡಿದುಕೊಂಡಾಗ ಎರಡನೇ ನಮಸ್ಕಾರಕ್ಕೇ ಕಣ್ಣಲ್ಲಿ ನೀರು ಬರುತ್ತಿತ್ತು. ಮಲಗಿಕೊಂಡೇ ಮಾಡುವ ಪಿಲಾಟೀಸ್ ಮಾತ್ರ ಸಾಧ್ಯವಾಯಿತು. ಆಸನದಲ್ಲಿ ಒಂದು ಭಂಗಿಗೆ ಬಂದು ನಿಲ್ಲುತ್ತೇವೆ, ಇದರಲ್ಲಿ ಹೆಚ್ಚಾಗಿ ನಿಲ್ಲುವುದಿಲ್ಲ, ಉಸಿರಿನ ಜೊತೆ ಅಂಗ ಆಡುತ್ತಲೇ ಇರುತ್ತದೆ. ಧ್ಯಾನ, ಪ್ರಾಣಾಯಾಮ ಇದರಲ್ಲಿಲ್ಲ. ಅದಕ್ಕೆ ಯೋಗವೇ ಬೇಕು. ಈಗ ನನ್ನ ಜಮಖಾನದ ಮೇಲೆ ಎರಡೂ ನಡೆಯುತ್ತವೆ, ಜಗಳವಿಲ್ಲ.

ವಯಸ್ಸು 44, ಬ್ಯಾಂಕಿನಲ್ಲಿ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಸೊಂಟದ ಹತ್ತಿರ ನೋವು, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವಂತೆ. ಕ್ಲಾಸಿಗೆ ಹೋಗಲು ಸಮಯವೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ಮನೆಯಲ್ಲೇ ಪಿಲಾಟೀಸ್ ಮಾಡಬಹುದೇ? ಏನೇನು ಬೇಕು?
— ಬ್ಯಾಂಕ್ ನೌಕರ, ಹುಬ್ಬಳ್ಳಿ

ಧಾರಾಳವಾಗಿ ಮಾಡಬಹುದು. ಜೋಸೆಫ್ ಪಿಲಾಟೀಸ್ 1945ರಲ್ಲಿ ಬರೆದ ಪುಸ್ತಕವೇ ಮನೆಯಲ್ಲಿ ಮಾಡುವವರಿಗಾಗಿ. ಅದರಲ್ಲಿ 34 ವ್ಯಾಯಾಮಗಳಿವೆ, ಎಲ್ಲ ನೆಲದ ಮೇಲೆಯೇ. ಆದರೆ 34ನ್ನೂ ನೋಡಿ ಹೆದರಬೇಡಿ. ನಿಮಗೆ ಸದ್ಯಕ್ಕೆ ನಾಲ್ಕು ಸಾಕು.

ಮೊದಲು ನನ್ನ ಕಥೆ ಕೇಳಿ. ಒಂದು ವರ್ಷ ಕ್ರೀಡಾಕೂಟದ ಹಿಂದಿನ ಸಂಜೆ ಗುಂಡು ಎಸೆತದ ಗುಂಡುಗಳಿದ್ದ ಪೆಟ್ಟಿಗೆಯನ್ನು ನಾನೇ ಎತ್ತಲು ಹೋದೆ. "ಮಂಡಿ ಬಗ್ಗಿಸಿ ಎತ್ತಿ" ಅಂತ ಸಾವಿರ ಮಕ್ಕಳಿಗೆ ಹೇಳಿದವಳು ಸೊಂಟ ಬಗ್ಗಿಸಿ ಎತ್ತಿದೆ. ಅಲ್ಲೇ ಹಿಡಿದುಕೊಂಡಿತು. ಡಾಕ್ಟರು ನೋಡಿ ಫಿಸಿಯೋಥೆರಪಿಗೆ ಕಳಿಸಿದರು. ಆ ಹುಡುಗಿ ನನ್ನನ್ನು ಮಲಗಿಸಿ "ಮೇಡಂ, ಉಸಿರಾಡಿ" ಅಂದಳು. ನನಗೆ ಅವಮಾನವಾಯಿತು. ಇಡೀ ಸ್ಕೂಲಿಗೆ ಡ್ರಿಲ್ ಮಾಡಿಸಿದವಳಿಗೆ ಉಸಿರಾಡೋದು ಹೇಳಿಕೊಡ್ತಾಳಾ? ಹದಿನೈದು ನಿಮಿಷ ಆದಮೇಲೆ ಗೊತ್ತಾಯಿತು, ನನಗೆ ಉಸಿರಾಡಲು ಬರುತ್ತಿರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಅಂತ ಕೂಗಿ ಕೂಗಿ, ಎಣಿಕೆ ಮುಗಿಸುವುದೇ ವ್ಯಾಯಾಮ ಅಂದುಕೊಂಡಿದ್ದೆ.

ಅವಳು ಹೇಳಿಕೊಟ್ಟಿದ್ದನ್ನೇ ನಿಮಗೆ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ನೋವು ಕಾಲಿನ ತುದಿವರೆಗೆ ಇಳಿದರೆ, ಕಾಲು ಜೋಮು ಹಿಡಿದರೆ, ಕಾಲಿನ ಶಕ್ತಿ ಕಡಿಮೆಯಾದರೆ ಈ ಅಂಕಣ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಿ. ಮೂತ್ರದ ಮೇಲೆ ಹಿಡಿತ ತಪ್ಪಿದರಂತೂ ಅದೇ ದಿನ ಹೋಗಬೇಕು.

ಬೇಕಾಗುವ ಸಾಮಾನು: ನಾಲ್ಕು ಮಡಿಕೆ ಮಾಡಿದ ಜಮಖಾನ, ಅದರ ಮೇಲೆ ಒಂದು ಕಂಬಳಿ. ಅಂಗಡಿಯ ಯೋಗ ಮ್ಯಾಟ್ ತೆಳು, ಬೆನ್ನುಮೂಳೆ ನೆಲಕ್ಕೆ ಒತ್ತುತ್ತದೆ. ಪಿಲಾಟೀಸ್ ಮ್ಯಾಟ್ 10ರಿಂದ 15 ಮಿಲಿಮೀಟರ್ ದಪ್ಪ ಇರುತ್ತದೆ. ಕೊಂಡರೆ ಒಳ್ಳೆಯದು, ಕೊಳ್ಳದಿದ್ದರೂ ನಡೆಯುತ್ತದೆ. ಮಂಚದ ಮೇಲೆ ಮಾತ್ರ ಬೇಡ, ಹಾಸಿಗೆ ಕುಸಿಯುತ್ತದೆ. ತಲೆಯ ಕೆಳಗೆ ಮಡಿಸಿದ ಟವೆಲ್ ಇರಲಿ. ಊಟ ಆಗಿ ಎರಡು ಗಂಟೆಯಾದರೂ ಕಳೆದಿರಲಿ.

ಮೊದಲನೆಯದು ಉಸಿರು. ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ನೆಲಕ್ಕೆ ಊರಿ. ಎರಡು ಅಂಗೈಗಳನ್ನೂ ಪಕ್ಕೆಲುಬಿನ ಮೇಲಿಡಿ. ಮೂಗಿನಿಂದ ಉಸಿರು ತೆಗೆದುಕೊಂಡಾಗ ಪಕ್ಕೆಗಳು ಹಾರ್ಮೋನಿಯಂ ತಿದಿಯ ಹಾಗೆ ಅಗಲವಾಗಬೇಕು. ಬಾಯಿಂದ ಬಿಡುವಾಗ ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ ನಿಧಾನವಾಗಿ ಬಿಡಿ. ಆಗ ಹೊಕ್ಕುಳಿನ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳಿ. ಬಿಗಿ ಪ್ಯಾಂಟಿನ ಜಿಪ್ ಹಾಕುವಾಗ ಎಳೆದುಕೊಳ್ಳುತ್ತೀರಲ್ಲ, ಅಷ್ಟೇ. ಉಸಿರು ಕಟ್ಟಬೇಡಿ. ಹೊಟ್ಟೆಯ ಸುತ್ತ ಸೊಂಟಪಟ್ಟಿಯ ಹಾಗೆ ಸುತ್ತಿಕೊಂಡಿರುವ ಒಳಸ್ನಾಯು ಒಂದಿದೆ, ಅದನ್ನು ಎಬ್ಬಿಸುವ ಕೆಲಸ ಇದು. ದಿನವಿಡೀ ಕುರ್ಚಿಗೆ ಒರಗಿ ಕೂತವರಲ್ಲಿ ಅದು ಹಾಯಾಗಿ ನಿದ್ದೆ ಹೊಡೆಯುತ್ತಿರುತ್ತದೆ.

ಎರಡನೆಯದು ಸೇತುವೆ. ಅದೇ ಭಂಗಿಯಲ್ಲಿ ಉಸಿರು ಬಿಡುತ್ತಾ ಸೊಂಟ ಎತ್ತಿ. ಒಂದೇ ಸಲ ದಬಕ್ಕನೆ ಎತ್ತಬೇಡಿ. ನೆಲದ ಮೇಲಿನ ಮಲ್ಲಿಗೆ ಮಾಲೆಯ ಒಂದು ತುದಿ ಹಿಡಿದು ಎತ್ತಿದರೆ ಹೂಗಳು ಒಂದೊಂದಾಗಿ ಏಳುತ್ತವಲ್ಲ, ಹಾಗೆ ಬೆನ್ನಿನ ಮೂಳೆಗಳು ಏಳಬೇಕು. ಇಳಿಸುವಾಗಲೂ ಹಾಗೇ. ಐದು ಸಲ ಸಾಕು. ಐದು ಸಲಕ್ಕೆ ಎರಡು ನಿಮಿಷ ಆಗದಿದ್ದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ.

ಮೂರನೆಯದರ ಹೆಸರು 'ಹಂಡ್ರೆಡ್', ನೂರು. ಕೈಗಳನ್ನು ಮೈ ಪಕ್ಕ ಚಾಚಿ, ನೀರಿನ ಮೇಲೆ ತಟ್ಟಿದ ಹಾಗೆ ಮೇಲೆ ಕೆಳಗೆ ಆಡಿಸುತ್ತಾ ಐದು ಎಣಿಕೆ ಉಸಿರು ಒಳಗೆ, ಐದು ಎಣಿಕೆ ಹೊರಗೆ. ಹೀಗೆ ಹತ್ತು ಸಲ ಮಾಡಿದರೆ ನೂರು. ವಿಡಿಯೋಗಳಲ್ಲಿ ತಲೆ, ಕಾಲು ಎರಡನ್ನೂ ಗಾಳಿಯಲ್ಲಿ ಎತ್ತಿರುತ್ತಾರೆ. ನೀವು ಎತ್ತಬೇಡಿ. ತಲೆ ಟವೆಲ್ ಮೇಲೆ, ಪಾದ ನೆಲದ ಮೇಲೆ. ಮೊದಲ ವಾರ ಮೂವತ್ತಕ್ಕೆ ನಿಲ್ಲಿಸಿ.

ನಾಲ್ಕನೆಯದಕ್ಕೆ ಮಕ್ಕಳು ಆನೆ ಆಟ ಆಡುವಾಗ ನಿಲ್ಲುವ ಹಾಗೆ ಕೈ, ಮಂಡಿ ಊರಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಆಮೇಲೆ ಬದಲಿಸಿ. ಸೊಂಟ ಆ ಕಡೆ ಈ ಕಡೆ ವಾಲಬಾರದು. ನಾನು ಸೊಂಟದ ಮೇಲೆ ಪ್ಲಾಸ್ಟಿಕ್ ಲೋಟ ಇಟ್ಟು ಅಭ್ಯಾಸ ಮಾಡಿದ್ದೆ. ಖಾಲಿ ಲೋಟ. ನೀರು ತುಂಬಿ ಇಟ್ಟ ದಿನ ಏನಾಯಿತು ಅಂತ ಕೇಳಬೇಡಿ.

ಇಷ್ಟಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ. ನನಗೆ ಆರನೇ ವಾರದಲ್ಲಿ ಗೋಡೆ ಹಿಡಿಯದೆ ಬಗ್ಗಿ ಶೂ ಲೇಸ್ ಕಟ್ಟಲು ಬಂತು. ನಿಮಗೂ ಆರೇ ವಾರ ಅಂತ ಹೇಳಲಾರೆ. ಸಂಶೋಧನೆಯ ಮಾತೂ ಹೇಳಿಬಿಡುತ್ತೇನೆ. ಬೆನ್ನುನೋವಿಗೆ ಪಿಲಾಟೀಸ್ ಮಾಡಿಸಿದ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ಕಾಕ್ರೇನ್ ಸಂಸ್ಥೆ ಒಂದು ವಿಮರ್ಶೆ ಪ್ರಕಟಿಸಿತು. ಏನೂ ಮಾಡದೆ ಇರುವುದಕ್ಕಿಂತ ಇದರಿಂದ ನೋವು ಕಡಿಮೆ ಆಗಬಹುದು, ಆದರೆ ಬೇರೆ ವ್ಯಾಯಾಮಗಳಿಗಿಂತ ಇದೇ ಮೇಲು ಅನ್ನಲು ಗಟ್ಟಿ ಆಧಾರವಿಲ್ಲ ಅಂತ ಅದರ ತೀರ್ಮಾನ. ಆದ್ದರಿಂದ ನಿಮಗೆ ಈಜು ಇಷ್ಟ ಇದ್ದರೆ ಈಜಿಗೇ ಹೋಗಿ, ನನಗೇನೂ ಬೇಜಾರಿಲ್ಲ. ಮತ್ತೆ, ಆ ಕುರ್ಚಿಯಿಂದ ಅರ್ಧ ಗಂಟೆಗೊಮ್ಮೆ ಎದ್ದೇಳಿ ಮಾರಾಯರೇ. ಒಂಬತ್ತು ಗಂಟೆ ಕೂತು ಇಪ್ಪತ್ತು ನಿಮಿಷದಲ್ಲಿ ಸರಿಮಾಡಿಕೊಳ್ಳುತ್ತೇನೆ ಅಂದರೆ ಲೆಕ್ಕ ಹೊಂದಲ್ಲ, ಬ್ಯಾಂಕಿನವರಿಗೆ ನಾನು ಹೇಳಬೇಕಾ?

ಎರಡು ತಿಂಗಳಲ್ಲಿ ಮದುವೆ. ಪಿಲಾಟೀಸ್ ಮಾಡಿದರೆ ಎಂಟು ಕೆಜಿ ಇಳಿಯುತ್ತದೆಯೇ?
— ವಧು, ಸಾಗರ

ಇಲ್ಲಮ್ಮ. ಇದರಲ್ಲಿ ಬೆವರು ಕಡಿಮೆ. ತೂಕಕ್ಕೆ ತಟ್ಟೆ ನೋಡಿಕೊಳ್ಳಬೇಕು, ಜೊತೆಗೆ ಬಿರುಸಾಗಿ ನಡೆಯಬೇಕು. ವಾರಕ್ಕೆ 150 ನಿಮಿಷವಾದರೂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಿಲಾಟೀಸ್‌ನಿಂದ ಬೆನ್ನು ನೆಟ್ಟಗಾದೀತು. ಆರತಕ್ಷತೆಯಲ್ಲಿ ಮೂರು ಗಂಟೆ ನಿಲ್ಲಬೇಕಲ್ಲ, ಆಗ ಉಪಯೋಗಕ್ಕೆ ಬರುತ್ತದೆ. ಶುಭವಾಗಲಿ.

ಹೆರಿಗೆ ಆಗಿ ಮೂರೂವರೆ ತಿಂಗಳು. ಹೊಟ್ಟೆ ಇಳಿದಿಲ್ಲ. ಅಮ್ಮ ಬಟ್ಟೆ ಬಿಗಿಯಾಗಿ ಕಟ್ಟು ಅನ್ನುತ್ತಾರೆ, ಗೆಳತಿ ಸಿಟ್-ಅಪ್ ಮಾಡು ಅನ್ನುತ್ತಾಳೆ. ಸೀನಿದರೆ ಮೂತ್ರ ಹನಿಯುತ್ತದೆ, ಯಾರಿಗೂ ಹೇಳಿಲ್ಲ.
— ಬಾಣಂತಿ, ಪುತ್ತೂರು

ಮಗಳೇ, ನನಗೆ ಹೇಳಿದೆಯಲ್ಲ, ಇನ್ನು ನಿನ್ನ ಡಾಕ್ಟರಿಗೂ ಹೇಳು. ಇದು ತುಂಬ ಜನಕ್ಕೆ ಆಗುತ್ತದೆ. ನನಗೂ ಆಗಿತ್ತು, ಸ್ಕಿಪ್ಪಿಂಗ್ ಹೇಳಿಕೊಡುವ ಪಿ.ಟಿ. ಮಿಸ್‌ಗೆ! ಆಗ ಕೇಳೋಕೆ ಯಾರೂ ಇರಲಿಲ್ಲ, ಪಿ.ಟಿ. ಪೀರಿಯಡ್ ಪೂರ್ತಿ ಕಪ್ಪು ಸೀರೆ ಉಟ್ಟು ಸುಮ್ನೆ ಇದ್ದೆ.

ಸಿಟ್-ಅಪ್ ಈಗ ಬೇಡ. ಬಸಿರಿನಲ್ಲಿ ಹೊಟ್ಟೆಯ ಮಧ್ಯದಲ್ಲಿ ಎರಡು ಕಡೆಯ ಸ್ನಾಯುಗಳು ದೂರ ಸರಿದಿರುತ್ತವೆ. ಅಂಗಾತ ಮಲಗಿ ತಲೆಯನ್ನು ಸ್ವಲ್ಪವೇ ಎತ್ತಿ, ಹೊಕ್ಕುಳಿನ ಹತ್ತಿರ ಬೆರಳಿಟ್ಟು ನೋಡು. ಎರಡು ಬೆರಳಿಗಿಂತ ಜಾಸ್ತಿ ಸಂದು ಸಿಕ್ಕರೆ, ಅಥವಾ ಮಧ್ಯದಲ್ಲಿ ಏಣಿನ ಹಾಗೆ ಉಬ್ಬಿದರೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸು. ತಲೆ ಎತ್ತಿ ಮಾಡುವ ಪಿಲಾಟೀಸ್ ಯಾವುದೂ ಅಲ್ಲಿಯವರೆಗೆ ಬೇಡ. ಸಿಸೇರಿಯನ್ ಆಗಿದ್ದರೆ ಡಾಕ್ಟರು ಸರಿ ಅಂದಮೇಲೆಯೇ ಶುರು.

ಹುಬ್ಬಳ್ಳಿಯವರಿಗೆ ಬರೆದ ಉಸಿರಿನ ಅಭ್ಯಾಸ ನಿನಗೂ ಸರಿ. ಜೊತೆಗೆ, ಉಸಿರು ಬಿಡುವಾಗ ಮೂತ್ರ ತಡೆದುಕೊಳ್ಳುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆ ಎಳೆದುಕೋ, ಉಸಿರು ತೆಗೆದುಕೊಳ್ಳುವಾಗ ಪೂರ್ತಿ ಸಡಿಲಿಸು. ಮಗು ಪಕ್ಕದಲ್ಲಿ ಮಲಗಿರುವಾಗಲೇ ಮಾಡಬಹುದು. ಅಮ್ಮನ ಬಟ್ಟೆಯ ಮೇಲೆ ನನಗೆ ಕೋಪವಿಲ್ಲ. ಹದವಾಗಿ ಕಟ್ಟಿದರೆ ಆಸರೆ ಸಿಗುತ್ತದೆ. ಆದರೆ ಸ್ನಾಯುವಿನ ಕೆಲಸವನ್ನು ಬಟ್ಟೆ ಮಾಡಲ್ಲ. ಬಿಗಿದು ಕಟ್ಟಿದರೆ ಒತ್ತಡ ಕೆಳಕ್ಕೆ ಹೋಗಿ ಹನಿಯುವುದು ಇನ್ನೂ ಜಾಸ್ತಿ ಆಗಬಹುದು. ಅಮ್ಮನಿಗೆ ಇದನ್ನೇ ಓದಿ ಹೇಳು.

ನನ್ನ ಹೆಂಡತಿಗೆ 67. ಮೂಳೆ ಸವೆತ ಇದೆ. ವಿಡಿಯೋ ನೋಡಿ ಚೆಂಡಿನ ಹಾಗೆ ಉರುಳುವ ಪಿಲಾಟೀಸ್ ಶುರು ಮಾಡಿದ್ದಾಳೆ. ಪರವಾಗಿಲ್ಲವೇ?
— ಓದುಗರು, ಚಿಕ್ಕಮಗಳೂರು

ಇವತ್ತೇ ನಿಲ್ಲಿಸಿ ಸಾರ್! ನಮ್ಮಲ್ಲಿ ಮಂಡಿಯ ಕೀಲು ಸವೆದರೂ 'ಸವೆತ', ಮೂಳೆ ಟೊಳ್ಳಾದರೂ 'ಸವೆತ' ಅನ್ನುತ್ತೇವೆ. ಅವರದ್ದು ಯಾವುದು ಅಂತ ಡಾಕ್ಟರನ್ನು ಕೇಳಿ. ಟೊಳ್ಳಾಗಿರುವುದಾದರೆ, ಅಂದರೆ ಆಸ್ಟಿಯೋಪೊರೋಸಿಸ್ ಆದರೆ, ಬೆನ್ನು ಗುಂಡಗೆ ಮುಂದಕ್ಕೆ ಬಗ್ಗಿಸುವುದು, ಉರುಳುವುದು, ಜೋರಾಗಿ ತಿರುಚುವುದು ಯಾವುದೂ ಬೇಡ. ಬೆನ್ನುಮೂಳೆಯ ಮುಂಭಾಗಕ್ಕೆ ಭಾರ ಬಿದ್ದು ಅದು ಕುಸಿಯಬಹುದು.

ಒಂದು ಸಲ ದೊಡ್ಡ ಊರಿನ ಕ್ಲಾಸೊಂದಕ್ಕೆ ಆಸೆಪಟ್ಟು ಸೇರಿದ್ದೆ. ಮೊದಲ ದಿನವೇ ಯಾರ ವಯಸ್ಸೂ ಕೇಳದೆ ಎಲ್ಲರಿಗೂ ಕಾಲನ್ನು ತಲೆಯ ಹಿಂದೆ ಹಾಕಿಸಿದರು. ಹತ್ತು ದಿನ ಕತ್ತು ತಿರುಗಲಿಲ್ಲ. ವಿಡಿಯೋದವರಾದರೂ ನಿಮ್ಮ ಮನೆಯವರ ವಯಸ್ಸನ್ನು ಹೇಗೆ ಕೇಳುತ್ತಾರೆ? ಅವರಿಗೆ ಬೇಕಾದ್ದು ಬೇರೆ: ಸೊಂಟ ಅಷ್ಟೇ ಎತ್ತುವ ಪುಟ್ಟ ಸೇತುವೆ, ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ಹಾಲು ಉಕ್ಕುವುದನ್ನು ಕಾಯುವಾಗ ಕೊನೆಯದು ಚೆನ್ನಾಗಿ ಆಗುತ್ತದೆ.

ಮನೆಗೇ ಒಂದು ರಿಫಾರ್ಮರ್ ತರಿಸಲೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮಂಚದಂಥ ಚೌಕಟ್ಟು, ಅದರಲ್ಲಿ ಸ್ಪ್ರಿಂಗ್ ಕಟ್ಟಿದ ಜಾರುವ ಹಲಗೆ, ಅದೇ ರಿಫಾರ್ಮರ್. ಒಳ್ಳೆಯ ಸಾಧನವೇ. ಆದರೆ ಎಷ್ಟು ಸ್ಪ್ರಿಂಗ್ ಹಾಕಬೇಕು ಅಂತ ಗೊತ್ತಿಲ್ಲದೆ ಒಬ್ಬರೇ ಹತ್ತಿದರೆ ಹಲಗೆ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಕಲಿಸುವವರ ಎದುರಿಗೆ ಮಾಡಿ. ಮನೆಗೆ ನೆಲವೇ ಸಾಕು.

ನಾನು ಹಾಲ್‌ನಲ್ಲಿ ಕಾಲೆತ್ತಿ ಮಲಗಿದರೆ ಅತ್ತೆ ನಗುತ್ತಾರೆ. ರೂಮಿನಲ್ಲಿ ಜಾಗವಿಲ್ಲ. ಏನು ಮಾಡಲಿ?
— ಗೃಹಿಣಿ, ತಿಪಟೂರು

ನಗಲಿ ಬಿಡಿ, ನಗುವಾಗ ಹೊಟ್ಟೆಯ ಸ್ನಾಯುವಿಗೆ ಅವರಿಗೂ ಕೆಲಸವೇ.

ಒಂದು ದಿನ ಉಪಾಯವಾಗಿ "ಅತ್ತೆ, ನಾನು ನೆಟ್ಟಗೆ ನಿಂತಿದ್ದೀನಾ ನೋಡಿ" ಅನ್ನಿ. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಗೋಡೆಯಿಂದ ನಾಲ್ಕು ಬೆರಳು ಮುಂದಿಟ್ಟು, ಕುಂಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗುವಂತೆ ನಿಲ್ಲಿ. ಆಮೇಲೆ ಅವರನ್ನೂ ನಿಲ್ಲಿಸಿ. ಅವರ ತಲೆ ಗೋಡೆಗೆ ತಾಗುವುದು ಕಷ್ಟ. ಬಲವಂತ ಮಾಡಬೇಡಿ, ಹಿಂದೆ ಮಡಿಸಿದ ಟವೆಲ್ ಇಡಿ. ಹಾಗೇ ನಿಂತು ಐದು ಸಲ ಪಕ್ಕೆ ಅಗಲಿಸಿ ಉಸಿರಾಡಿಸಿ. ಮಾರನೇ ದಿನ ಅವರೇ ಗೋಡೆಯ ಹತ್ತಿರ ಹೋದರೆ ಇನ್ನೊಂದು ಜಮಖಾನ ತೆಗೆದಿಡಿ. ಹೋಗದಿದ್ದರೆ ಟೀವಿ ಧಾರಾವಾಹಿ ಶುರುವಾಗುವ ಹೊತ್ತಿಗೆ ನಿಮ್ಮ ಅಭ್ಯಾಸ ಇಟ್ಟುಕೊಳ್ಳಿ. ಆಗ ಅವರು ನಿಮ್ಮ ಕಡೆ ನೋಡುವುದೇ ಇಲ್ಲ.